ಚಿರಂಜೀವಿಯ ಸಾವು: ಬಿ.ಎಂ.ಶ್ರೀ. ಅವರ ಬದುಕು ಮತ್ತು ರುದ್ರನಾಯಕನ ಕಲ್ಪನೆ

ಬಿ.ಎಂ. ಶ್ರೀಕಂಠಯ್ಯನವರನ್ನು ಕುರಿತ ಚರ್ಚೆ ಬಹುಮಟ್ಟಿಗೆ ‘ಇಂಗ್ಲಿಷ್ ಗೀತಗಳು’ (1926) ಸಂಕಲನದ ಸುತ್ತಲೇ ನಡೆದಿದೆ. ನವೋದಯ ಕಾವ್ಯದ ಛಂದಸ್ಸಿಗೆ ಅದು ತೆರೆದ ದಾರಿ ದೊಡ್ಡದು, ನಿಜ. ಆದರೆ ಅವರ ಚಿಂತನೆಯ ಹೆಚ್ಚು ತೊಡಕಿನ ನೆಲೆ ಇರುವುದು ನಾಟಕಗಳಲ್ಲಿ. ಪರಂಪರೆಯ ಬಗೆಗೆ ಅಪಾರ ಗೌರವವಿದ್ದ ವಿದ್ವಾಂಸರೊಬ್ಬರು ಪುರಾಣದ ಚಿರಂಜೀವಿಯನ್ನೇ ಸಾವಿಗೆ ಒಪ್ಪಿಸಿದ್ದೇಕೆ ಎಂಬ ಪ್ರಶ್ನೆ ಅವರ ಬದುಕಿನೊಂದಿಗೂ ಹೆಣೆದುಕೊಂಡಿದೆ.

1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಶ್ರೀಯವರ ಮನೆತನದ ಊರು ನಾಗಮಂಗಲದ ಬಳಿಯ ಬೆಳ್ಳೂರು. ಶ್ರೀರಂಗಪಟ್ಟಣ, ಬೆಂಗಳೂರು, ಮದರಾಸುಗಳಲ್ಲಿ ಓದಿ, ಎಂ.ಎ. ಹಾಗೂ ಬಿ.ಎಲ್. ಪದವಿ ಪಡೆದರೂ ವಕೀಲಿಯತ್ತ ಹೊರಳದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಜೀವನೋಪಾಯ ಇಂಗ್ಲಿಷಿನದು, ಹಂಬಲ ಕನ್ನಡದ್ದು. 1911ರಲ್ಲಿಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆ ಎತ್ತುವ ಬಗೆಯನ್ನು ಕುರಿತು ಅವರು ಮಾಡಿದ ಭಾಷಣದಲ್ಲಿ ಈ ಇಬ್ಬಂದಿಯು ಕಾರ್ಯಕ್ರಮವಾಗಿ ಮಾರ್ಪಟ್ಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಸಚಿವರಾಗಿದ್ದಾಗ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಕುವೆಂಪು ಅಲ್ಲಿ ಕಲಿತು 1929ರಲ್ಲಿ ಪದವಿ ಪಡೆದರು. ‘ಅಶ್ವತ್ಥಾಮನ್’ ಪ್ರಕಟವಾದದ್ದೂ ಅದೇ ವರ್ಷ.

ಇದಕ್ಕೆ ಮೊದಲೇ ಶ್ರೀಯವರು ರನ್ನನ ಚಂಪುವಿನಿಂದ ‘ಗದಾಯುದ್ಧ ನಾಟಕ’ವನ್ನು ರೂಪಿಸಿದ್ದರು. ರನ್ನನ ಕಥಾನಾಯಕ ಭೀಮ. ಆಶ್ರಯದಾತ ಸತ್ಯಾಶ್ರಯನೊಡನೆ ಸಮೀಕರಣಗೊಂಡವನು. ಶ್ರೀಯವರ ನಾಟಕದಲ್ಲಿ ಕಣ್ಣು ನೆಡುವುದು ದುರ್ಯೋಧನನ ಮೇಲೆ. ರನ್ನನಲ್ಲೇ ಇದ್ದ ಒಳತುಡಿತವನ್ನು ಅವರು ಹೊರಗೆಳೆದರೇ ಹೊರತು ಹೊಸದಾಗಿ ತಂದು ಹಾಕಲಿಲ್ಲ ಎನ್ನಬೇಕು.

‘ಅಶ್ವತ್ಥಾಮನ್’ ಮಾತ್ರ ಬೇರೆಯೇ ಬಗೆಯ ಸಾಹಸ. ಇದರ ಮಾದರಿ ಸೊಫೋಕ್ಲೀಸನ ‘ಅಯಾಸ್’. ಅಕಿಲೀಸನ ಆಯುಧಗಳು ತನಗೆ ದಕ್ಕಲಿಲ್ಲವೆಂಬ ಅವಮಾನದಿಂದ ಗ್ರೀಕ್ ನಾಯಕರನ್ನೇ ಕೊಲ್ಲಹೊರಟ ಅಯಾಸ್, ಅಥೀನೆ ಕವಿಸಿದ ಮರುಳಿನಲ್ಲಿ ದನಕುರಿಗಳನ್ನು ಕಡಿದು, ಅರಿವು ಮರಳಿದಾಗ ನಾಚಿಕೆ ತಾಳದೆ ಕತ್ತಿಗೆ ಬೀಳುತ್ತಾನೆ. ಅಶ್ವತ್ಥಾಮನ ಪ್ರೇರಣೆಗಳು ಇದಕ್ಕಿಂತ ಗಾಢವಾದವು. ಮೋಸದಿಂದ ಹತನಾದ ತಂದೆಯ ಋಣ, ತೊಡೆ ಮುರಿದು ಬಿದ್ದ ಒಡೆಯನ ಋಣ: ಎರಡೂ ಧರ್ಮವೆಂದೇ ತೋರುವಂಥವು. ಆತನ ದೋಷವಿರುವುದು ದುಷ್ಟತನದಲ್ಲಲ್ಲ, ಎಲ್ಲೆಯರಿಯದ ನಿಷ್ಠೆಯಲ್ಲಿ. ಅಯಾಸನ ಕತ್ತಿಗೆ ಸಿಕ್ಕದ್ದು ಮೂಕಪ್ರಾಣಿಗಳು. ಅಶ್ವತ್ಥಾಮನ ಇರುಳ ಕೊಲೆಗೆ ಬಲಿಯಾದವರು ನಿದ್ರಿಸುತ್ತಿದ್ದ ಉಪಪಾಂಡವರು. ಆದ್ದರಿಂದ ಗ್ರೀಕ್ ನಾಯಕನಲ್ಲಿ ಮುಖ್ಯವಾಗಿ ಮಾನಭಂಗವಾಗಿದ್ದದ್ದು ಕನ್ನಡಕ್ಕೆ ಬರುವಾಗ ಪಾಪಪ್ರಜ್ಞೆಯ ಭಾರವನ್ನೂ ಹೊರಬೇಕಾಯಿತು. ಎರಡು ನೈತಿಕ ಲೋಕಗಳ ಈ ಬೆಸುಗೆ ಎಲ್ಲ ಕಡೆಯೂ ಕೂಡಿಕೊಂಡಿದೆಯೆಂದು ಹೇಳಲಾಗದು.

ವ್ಯಾಸಭಾರತದ ಅಶ್ವತ್ಥಾಮನಿಗೆ ದೊರೆತದ್ದು ಸಾವಲ್ಲ, ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ. ಅದು ಮರಣಕ್ಕಿಂತ ಘೋರ ಎಂಬ ವಾದಕ್ಕೆ ಬಲವಿದೆ. ಆದರೆ ಶಾಪವನ್ನು ಹೊರುವವನು ಶಿಕ್ಷೆಯ ಪಾತ್ರ ಮಾತ್ರ; ತನ್ನ ಕೃತ್ಯವನ್ನು ತಾನೇ ತೂಗಿ ಅಂತ್ಯವನ್ನು ಆಯ್ದುಕೊಳ್ಳುವವನು ರುದ್ರನಾಯಕ. ಶ್ರೀಯವರು ಪುರಾಣವನ್ನು ಬದಲಿಸಿದ್ದು ಈ ಆಯ್ಕೆಗಾಗಿ ಎಂದು ಭಾವಿಸಲು ಅವಕಾಶವಿದೆ. ಅವರು ಬಳಸಿದ ಹಳಗನ್ನಡದ ಛಾಯೆಯ ಭಾಷೆ ನಾಯಕನಿಗೆ ಎತ್ತರ ಕೊಟ್ಟಿತು, ನಾಟಕವನ್ನು ಸಾಮಾನ್ಯ ಪ್ರೇಕ್ಷಕನಿಂದ ದೂರವೂ ಇರಿಸಿತು.

1935ರ ‘ಪಾರಸಿಕರು’ ಈಸ್ಕಿಲಸನ ನಾಟಕದ ಕನ್ನಡ ರೂಪ. ಅಲ್ಲಿ ಪುರಾಣದ ಮರುಜೋಡಣೆಯಿಲ್ಲ. ಕಡಲನ್ನೇ ಕಟ್ಟಿಹಾಕಲು ಹೊರಟ ಸೆರ್ಕ್ಸೀಸನ ಉದ್ಧಟತನ ಹಾಗೆಯೇ ನಿಂತಿದೆ. ಗಂಭೀರ ನಾಟಕರಚನೆಗೆ ಶ್ರೀಯವರು ಮತ್ತೆ ಮರಳಲಿಲ್ಲ. ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ ಮತ್ತು ಕನ್ನಡ ಪ್ರಚಾರದ ಓಡಾಟಗಳು ಅವರ ಶಕ್ತಿಯನ್ನು ಬಳಸಿಕೊಂಡವು. 1941ರಲ್ಲಿ ‘ಸಂಭಾವನೆ’ ಗ್ರಂಥ ಅವರಿಗೆ ಅರ್ಪಿತವಾಯಿತು. ಕೊನೆಯ ವರ್ಷಗಳಲ್ಲಿ ಅವರು ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿದ್ದರು. ಮೂವತ್ತೈದು ವರ್ಷಗಳ ಹಿಂದೆ ಆ ಭಾಷಣ ಮಾಡಿದ್ದ ಊರಿನಲ್ಲಿಯೇ, 1946ರ ಜನವರಿ 5ರಂದು, ಅವರು ತೀರಿಕೊಂಡರು.