ವಿಶ್ವೇಶ್ವರಯ್ಯನವರ ಮಿತವ್ಯಯ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಂಬಾಡಿ ಕಟ್ಟೆ ನೆನಪಿಗೆ ಬರುತ್ತದೆ. ನೀರನ್ನು ಹಿಡಿದಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ಹರಿಯಬಿಡುವ ವಿದ್ಯೆಯಲ್ಲಿ ಅವರು ನಿಸ್ಸೀಮರು. ತಮ್ಮ ಸಂಪಾದನೆಯ ವಿಷಯದಲ್ಲಿಯೂ ಅವರು ನಡೆದುಕೊಂಡದ್ದು ಹೀಗೆಯೇ.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದನು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ತನ್ನ ಖರ್ಚನ್ನು ತಾನೇ ನಿಭಾಯಿಸಿದನು. 1881ರಲ್ಲಿ ಬಿ.ಎ. ಮುಗಿಯಿತು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ನಡೆಯಿತು.

ಬಡತನದಲ್ಲಿ ಬೆಳೆದವರ ಕೈಗೆ ಹಣ ಬಂದಾಗ ಕೆಲವರು ಜಿಪುಣರಾಗುತ್ತಾರೆ. ಕೆಲವರು ಹಿಂದಿನ ಕೊರತೆಯನ್ನೆಲ್ಲ ಒಮ್ಮೆಗೇ ತುಂಬಿಕೊಳ್ಳಲು ಹೋಗಿ ಸಾಲಗಾರರಾಗುತ್ತಾರೆ. ವಿಶ್ವೇಶ್ವರಯ್ಯನವರು ಈ ಎರಡು ದಾರಿಗಳನ್ನೂ ಹಿಡಿಯಲಿಲ್ಲ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ಮೇಲೆ ಅವರ ಸಂಬಳ ಏರಿತೇ ಹೊರತು ಆಡಂಬರ ಏರಲಿಲ್ಲ. ಉಡುಪಿನ ಅಚ್ಚುಕಟ್ಟಿನಲ್ಲಿ ಮಾತ್ರ ಅವರು ಎಂದೂ ಕೊರತೆ ಮಾಡಿದವರಲ್ಲ. ಮಡಿಕೆ ಕೆಡದ ಉಡುಪು, ತಲೆಯ ಮೇಲೆ ಮೈಸೂರು ಪೇಟ. ಮುಪ್ಪಿನಲ್ಲಿಯೂ ಇದು ತಪ್ಪಲಿಲ್ಲ. ಅಗತ್ಯವೆಂದು ತೋರಿದ್ದಕ್ಕೆ ಅವರ ಕೈ ಧಾರಾಳವಾಗಿಯೇ ಇತ್ತು. 1898ರಲ್ಲಿ ರಜೆ ಪಡೆದು, ಸ್ವಂತ ಖರ್ಚಿನಿಂದ ಜಪಾನಿಗೆ ಹೋಗಿ, ಆ ದೇಶದ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಂಡು ಬಂದರು. ಅವರ ಉಳಿತಾಯದ ಹಣ ತಿಳಿವಳಿಕೆಯಾಗಿ ಮಾರ್ಪಟ್ಟಿತೆನ್ನಬಹುದು.

ಉಳಿತಾಯದಿಂದ ಅವರಿಗೆ ದೊರೆತ ಇನ್ನೊಂದು ಸುಖವೆಂದರೆ ಸ್ವಾತಂತ್ರ್ಯ. 1908ರಲ್ಲಿ, ತಮ್ಮ ದೇಶದವರಿಗೆ ಅತ್ಯುನ್ನತ ಹುದ್ದೆ ಸಿಕ್ಕುವಂತಿಲ್ಲವೆಂದು ಮನಗಂಡು, ಅವಧಿಗೆ ಮುನ್ನವೇ ಆ ನೌಕರಿಯನ್ನು ಬಿಟ್ಟು ಹೊರಬಂದರು. ಮುಂದಿನ ತಿಂಗಳ ಸಂಬಳವನ್ನೇ ನಂಬಿ ಸಾಲ ಮಾಡಿದವನಿಗೆ ಇಂತಹ ನಿರ್ಧಾರ ಸುಲಭವಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾದರು, 1912ರಲ್ಲಿ ದಿವಾನರಾದರು. ಮರುವರ್ಷವೇ ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. ಮನೆಗಳಲ್ಲಿ ಸುಮ್ಮನೆ ಬಿದ್ದಿರುವ ಹಣ ಬ್ಯಾಂಕಿನಲ್ಲಿ ಕೂಡಿದರೆ ನಾಡಿನ ಉದ್ಯಮಗಳಿಗೆ ಬಂಡವಾಳವಾಗುತ್ತದೆ ಎಂಬುದು ಅದರ ಹಿಂದಿನ ವಿಚಾರ.

ಸರ್ಕಾರದ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಓದಿಗೆ ಸ್ವಂತದ ಬತ್ತಿ ಎಂದು ಅವರು ಎರಡನ್ನು ಬೇರೆಬೇರೆ ಇರಿಸಿಕೊಂಡಿದ್ದರೆಂಬ ಕಥೆ ಜನಜನಿತವಾಗಿದೆ. ಅದು ನಡೆದದ್ದು ಹಾಗೆಯೇ ಹೌದೋ ಅಲ್ಲವೋ, ಆದರೆ ಇಂತಹ ಕಥೆ ಎಲ್ಲರ ಮೇಲೂ ಹುಟ್ಟಿಕೊಳ್ಳುವುದಿಲ್ಲ. ದಿವಾನಗಿರಿಯನ್ನು ಒಪ್ಪುವ ಮೊದಲು ಬಂಧುಗಳನ್ನು ಕರೆಸಿ, ಯಾರೂ ತಮ್ಮಿಂದ ಶಿಫಾರಸನ್ನು ನಿರೀಕ್ಷಿಸಕೂಡದೆಂದು ಮಾತು ಪಡೆದರೆಂದೂ ಹೇಳುವುದುಂಟು.

ಸರ್ಕಾರಿ ನೇಮಕಾತಿಯಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ತಲೆದೋರಿತು. ಅವರ ನಿಲುವು ಸರಿಯೇ ಎಂಬುದು ಬೇರೆ ವಿಚಾರ. 1918ರಲ್ಲಿ ರಾಜ್ಯದ ಅತ್ಯಂತ ದೊಡ್ಡ ಪದವಿಯಿಂದ ಅವರು ಇಳಿದು ಬಂದರು. ಅಧಿಕಾರ ಹೋದ ಮೇಲೂ ಅವರ ದಿನಚರಿ ಬದಲಾಗಲಿಲ್ಲ. ಅಧಿಕಾರವಿದ್ದಾಗಲೂ ಅದನ್ನು ನಂಬಿ ಬಾಳಿದವರಲ್ಲವಲ್ಲ!

ಹಣದ ಶಿಸ್ತಿನಿಂದ ಎಲ್ಲ ಸುಖವೂ ಅವರಿಗೆ ಒದಗಿತೆಂದು ಹೇಳಲಾಗದು. ಸಂಸಾರಸುಖ ಅವರ ಪಾಲಿಗೆ ಬಹುಕಾಲ ಉಳಿಯಲಿಲ್ಲ; ಮಕ್ಕಳಿರಲಿಲ್ಲ. ದೀರ್ಘವಾದ ಆಯುಷ್ಯದ ಹೆಚ್ಚಿನ ಭಾಗವನ್ನು ಒಂಟಿಯಾಗಿಯೇ ಕಳೆದರು. ಅವರು ನೆಮ್ಮದಿಯನ್ನು ಕಂಡದ್ದು ದುಡಿಮೆಯಲ್ಲಿ.

1923ರಿಂದ ಕೆಲವು ವರ್ಷ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಗೆ ಅಧ್ಯಕ್ಷರಾಗಿದ್ದರು. ನಷ್ಟದ ಸುಳಿಗೆ ಸಿಕ್ಕಿದ್ದ ಕಾರ್ಖಾನೆಯನ್ನು ದಡ ಸೇರಿಸಿದ ಆ ದುಡಿಮೆಗಾಗಿ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆ ಒಂದು ಲಕ್ಷ ರೂಪಾಯಿಗೂ ಮಿಕ್ಕಿತ್ತು. ಅಂದಿನ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ. ಅದನ್ನು ತಾವು ಪಡೆಯದೆ, ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಯೊಂದನ್ನು ತೆರೆಯಲು ಬಳಸಬೇಕೆಂದು ಸೂಚಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಆರಂಭವಾಯಿತು. ಅದಕ್ಕೆ ತಮ್ಮ ಹೆಸರು ಬೇಡವೆಂದರು. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಲಾಯಿತು.

1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲ್‌ನಲ್ಲಿ ಅವರು ಕಾಲವಾದರು. ಇಂದು ಕೆಂಗೇರಿ, ವಿಜಯನಗರಗಳ ಕಡೆಯಿಂದ ಮೆಟ್ರೋ ರೈಲಿನಲ್ಲಿ ಬಂದು, ಸೆಂಟ್ರಲ್ ಕಾಲೇಜಿನ ಬಳಿ ಅವರ ಹೆಸರನ್ನು ಹೊತ್ತ ನಿಲ್ದಾಣದಲ್ಲಿ ಇಳಿದರೆ, ಅವರು ಕೈಬಿಟ್ಟ ಹಣದಿಂದ ಎದ್ದ ಆ ಪಾಲಿಟೆಕ್ನಿಕ್ ನಡೆದು ಹೋಗುವಷ್ಟು ಸಮೀಪದಲ್ಲಿದೆ.