ಲೆಕ್ಕ ಹಿಡಿದ ದಾದಿ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ದಾದಿ ಎಂದಷ್ಟೇ ಶಾಲೆಯಲ್ಲಿ ಓದಿದ್ದೇವೆ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಅವರು ಇಟ್ಟ ಲೆಕ್ಕವೇ ಹೆಚ್ಚು ಇಷ್ಟ.

1820ರಲ್ಲಿ ಇಟಲಿಯಲ್ಲಿ ಹುಟ್ಟಿದ ಅವರು ಶ್ರೀಮಂತ ಇಂಗ್ಲಿಷ್ ಮನೆಯವರ ವಿರೋಧದ ನಡುವೆಯೇ ಶುಶ್ರೂಷೆ ಕಲಿತರು. 1854ರಲ್ಲಿ, ಕ್ರಿಮಿಯಾ ಯುದ್ಧದ ಕಾಲಕ್ಕೆ, ತುರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಗೆ ಬಂದರು. ಆ ಯುದ್ಧದಲ್ಲಿ ಗಾಯಕ್ಕಿಂತ ರೋಗದಿಂದ ಸತ್ತ ಸೈನಿಕರೇ ಹೆಚ್ಚು. ಊರಿಗೆ ಮರಳಿ ಅದನ್ನು ಬಣ್ಣದ ರೇಖಾಚಿತ್ರದಲ್ಲಿ ತೋರಿಸಿದರು.

ಸತ್ತವರ ಎಣಿಕೆಯೊಂದೇ ಅವರಿಗೆ ಸಾಲಲಿಲ್ಲ. ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿ ಗುಣವಾಗದೆಯೇ ಮನೆಗೆ ಹೋದರು, ಎಷ್ಟು ದಿನ ಮಲಗಿದ್ದರು ಎಂಬುದನ್ನೂ ಎಲ್ಲ ಆಸ್ಪತ್ರೆಗಳು ಒಂದೇ ನಮೂನೆಯಲ್ಲಿ ಬರೆದಿಡಬೇಕೆಂದು 1860ರ ಲಂಡನ್ ಸಮ್ಮೇಳನಕ್ಕೆ ಸೂಚಿಸಿದರು. ಈಗಿನ ವೈದ್ಯರು ಪ್ರಶ್ನಾವಳಿ ಕೊಟ್ಟು ನೋವು, ನಿದ್ದೆ, ಓಡಾಟಕ್ಕೆಲ್ಲ ರೋಗಿಯಿಂದಲೇ ಅಂಕ ಹಾಕಿಸುತ್ತಾರಲ್ಲ, ಅಷ್ಟು ದೂರ ಆ ನಮೂನೆ ಹೋಗಲಿಲ್ಲ. ಆದರೆ 1859ರ ಅವರ ಶುಶ್ರೂಷೆಯ ಪುಸ್ತಕದಲ್ಲಿ ಬೆಳಕು, ಸದ್ದು, ಕಿಟಕಿಯಾಚೆಯ ನೋಟ, ಮಲಗಿದವರ ಬೇಸರ ಎಲ್ಲವೂ ಇವೆ.

ಆ ಬೇಸರ ಅವರಿಗೂ ಬಂತು. ಯುದ್ಧದಿಂದ ಮರಳಿದ ಮೇಲೆ ಕಾಯಿಲೆ ಬಿಡಲಿಲ್ಲ. ಎಷ್ಟೋ ವರ್ಷ ಹಾಸಿಗೆಯಲ್ಲೇ ಕಳೆದರು. ಭಾರತಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ನೈರ್ಮಲ್ಯದ ಬಗ್ಗೆ ಬರೆದದ್ದೂ ಆ ವರ್ಷಗಳಲ್ಲೇ. ತೀರಿಕೊಂಡದ್ದು 1910ರಲ್ಲಿ, 90ನೇ ವಯಸ್ಸಿನಲ್ಲಿ.