ಕೈಯಲ್ಲಿ ಟೀಪಾಟ್, ಮೈಮೇಲೆ ಕೋಟಿಲ್ಲ! ಬಾಸ್ಟನ್‌ನ ಚಿತ್ರಕಾರ ಕಾಪ್ಲಿ ಊರು ಬಿಟ್ಟ ಕಥೆ

ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲವದು. ಬಾಸ್ಟನ್‌ನ ಅನುಕೂಲಸ್ಥರು ಭಾವಚಿತ್ರ ಬರೆಸಿಕೊಳ್ಳಲು ಹುಡುಕಿಕೊಂಡು ಹೋಗುತ್ತಿದ್ದುದು ಜಾನ್ ಸಿಂಗಲ್ಟನ್ ಕಾಪ್ಲಿ ಅವರನ್ನು.

ಕಾಪ್ಲಿ ಹುಟ್ಟಿದ್ದು 1738ರಲ್ಲಿ, ಬಾಸ್ಟನ್‌ನಲ್ಲೇ. ತಾಯಿ ಬಂದರಿನ ಬಳಿ ತಂಬಾಕಿನ ಅಂಗಡಿ ಇಟ್ಟಿದ್ದರು. ಮಲತಂದೆ ಪೀಟರ್ ಪೆಲ್ಹಾಮ್ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ಹಾಕುವ ಕಸುಬುದಾರ. 1751ರಲ್ಲಿ ಅವರೂ ತೀರಿಕೊಂಡರು. ಊರಿನಲ್ಲಿ ಚಿತ್ರಕಲಾ ಶಾಲೆ ಇರಲಿಲ್ಲ. ಯುರೋಪಿನ ದೊಡ್ಡ ಚಿತ್ರಗಳನ್ನು ಕಾಪ್ಲಿ ಕಂಡದ್ದು ಹೆಚ್ಚಾಗಿ ಕಪ್ಪು-ಬಿಳುಪು ಅಚ್ಚುಗಳಲ್ಲಿ. ಕತ್ತಲ ಹಿನ್ನೆಲೆ, ಒಂದು ಕಡೆಯಿಂದ ಬೀಳುವ ಗಟ್ಟಿ ಬೆಳಕಿನ ಅವರ ಶೈಲಿಗೆ ಇದೂ ಒಂದು ಕಾರಣವಿರಬಹುದು.

ಆ ಬೆಳಕು ಮುಖದ ಮೇಲಷ್ಟೇ ಅಲ್ಲ, ಆಸ್ತಿಯ ಮೇಲೂ ಬೀಳುತ್ತಿತ್ತು. 1767ರ ಚಿತ್ರದಲ್ಲಿ ವ್ಯಾಪಾರಿ ನಿಕೊಲಸ್ ಬಾಯ್ಲ್‌ಸ್ಟನ್ ರೇಷ್ಮೆಯ ನಿಲುವಂಗಿಯಲ್ಲಿ ಆರಾಮಾಗಿ ಕುಳಿತಿದ್ದಾರೆ. ಆ ನಿಲುವಂಗಿಯ ಹೆಸರು 'ಬನಿಯನ್'. ಹೌದು, ನಮ್ಮ ಗುಜರಾತಿನ ಬನಿಯಾ ವರ್ತಕರಿಂದಲೇ ಬಂದ ಹೆಸರು! ಮನೆಯುಡುಪಿನಲ್ಲೇ ಚಿತ್ರ ಬರೆಸಿಕೊಳ್ಳುವುದು ಸಿರಿವಂತರ ಠೀವಿಯಾಗಿತ್ತು.

ಮರುವರ್ಷ ಎದುರು ಕುಳಿತವರು ಬೆಳ್ಳಿ ಕೆಲಸದ ಪಾಲ್ ರೆವೆರ್. ಕೋಟಿಲ್ಲ, ವಿಗ್ ಇಲ್ಲ, ಮೈಮೇಲೆ ಬಿಳಿ ಅಂಗಿ. ಮೇಜಿನ ಮೇಲೆ ಉಪಕರಣಗಳು, ಕೈಯಲ್ಲಿ ಹೊಳೆಯುವ ಟೀಪಾಟ್. ಅದರ ಮೈಯಲ್ಲಿ ಬೆರಳುಗಳ ಪ್ರತಿಬಿಂಬ. ದುಡಿಯುವವನನ್ನು ದುಡಿಮೆಯ ವೇಷದಲ್ಲೇ, ಇಷ್ಟು ಗತ್ತಿನಿಂದ ತೋರಿಸಿದ್ದು ಆಗ ತೀರಾ ಅಪರೂಪ. ಬ್ರಿಟನ್ ಚಹಾದ ಮೇಲೆ ಹೊಸ ಸುಂಕ ಹೇರಿದ್ದು 1767ರಲ್ಲಿ ಎಂಬುದನ್ನು ನೆನೆದರೆ, ಆ ಪಾತ್ರೆ ಬರೀ ಪಾತ್ರೆಯಾಗಿ ಕಾಣುವುದಿಲ್ಲ.

1769ರಲ್ಲಿ ಕಾಪ್ಲಿ ಸುಸಾನಾ ಕ್ಲಾರ್ಕ್ ಅವರ ಕೈಹಿಡಿದರು. ಮಾವ ರಿಚರ್ಡ್ ಕ್ಲಾರ್ಕ್, ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಚಹಾ ಮಾರಲು ನೇಮಕಗೊಂಡ ವರ್ತಕರಲ್ಲೊಬ್ಬರು. ಇತ್ತ ಸುಂಕ ವಿರೋಧಿಗಳ ನಾಯಕ ಸ್ಯಾಮ್ಯುಯೆಲ್ ಆಡಮ್ಸ್ ಅವರ ಚಿತ್ರ ಬರೆದವರೂ ಕಾಪ್ಲಿಯೇ. ಚಹಾ ಹಡಗುಗಳು ಬಂದಾಗ ಎರಡೂ ಕಡೆ ಓಡಾಡಿ ರಾಜಿಗೆ ಯತ್ನಿಸಿದರು, ಫಲ ಸಿಗಲಿಲ್ಲ. 1773ರ ಡಿಸೆಂಬರ್ 16ರ ರಾತ್ರಿ ಚಹಾ ಪೆಟ್ಟಿಗೆಗಳು ಸಮುದ್ರ ಸೇರಿದವು. ಕುದುರೆಯೇರಿ ಆ ಸುದ್ದಿಯನ್ನು ನ್ಯೂಯಾರ್ಕ್‌ಗೆ ಮುಟ್ಟಿಸಿದವರು ಇದೇ ರೆವೆರ್!

1774ರಲ್ಲಿ ಕಾಪ್ಲಿ ಯುರೋಪಿನ ಹಡಗು ಹತ್ತಿದರು. ಲಂಡನ್‌ನಲ್ಲಿ ಹೆಸರು ಮಾಡಿ, 1815ರಲ್ಲಿ ಅಲ್ಲೇ ಕೊನೆಯುಸಿರೆಳೆದರು. ಬಾಸ್ಟನ್‌ಗೆ ಮತ್ತೆ ಬರಲೇ ಇಲ್ಲ. ರೆವೆರ್ ಚಿತ್ರ ಮಾತ್ರ ಇಂದಿಗೂ ಅಲ್ಲಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿದೆ.